ಲೆಕ್ಕದಲ್ಲಿ ಮುಂದಿರುವ ಮಗು: ಒಂದರಿಂದ ಐದನೇ ತರಗತಿವರೆಗೆ ಮನೆಯಲ್ಲಿ, ಶಾಲೆಯಲ್ಲಿ ಏನು ಮಾಡಬೇಕು

ನಾನು ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಶಾಲೆಯ ಅಂಗಳದಲ್ಲಿ ಮಕ್ಕಳಿಂದ ಚುಕ್ಕಿ ರಂಗೋಲಿ ಹಾಕಿಸುತ್ತಿದ್ದೆ. ಮೇಲೆ ಒಂದು ಚುಕ್ಕಿ, ಅದರ ಕೆಳಗೆ ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು. ಒಟ್ಟು ಎಷ್ಟು ಚುಕ್ಕಿ ಅಂತ ಕೇಳಿದೆ. ಎಲ್ಲರೂ ಬೆರಳಿಟ್ಟು ಎಣಿಸಲು ಶುರು ಮಾಡಿದರು. ಎರಡನೇ ತರಗತಿಯ ಒಬ್ಬ ಹುಡುಗಿ ಮಾತ್ರ ತಲೆ ಓರೆ ಮಾಡಿ ನೋಡಿದಳು. "ನಾಕ್ ನಾಕ್ಲೆ ಹದಿನಾರು, ಮೂರ್ ಮೂರ್ಲೆ ಒಂಬತ್ತು, ಇಪ್ಪತ್ತೈದು ರೀ ಟೀಚರ್" ಅಂದಳು. ನನಗೆ ತಿಳಿಯಲಿಲ್ಲ. "ಸರಿಯಾಗಿ ಎಣಿಸಿ ಹೇಳವ್ವ" ಅಂದೆ. ಅವಳು ಒಂದೊಂದಾಗಿ ಎಣಿಸಿ ಇಪ್ಪತ್ತೈದು ಅಂತ ಹೇಳಿ ಕೂತಳು.

ಆ ರಾತ್ರಿ ಮನೆಯಲ್ಲಿ ಹಾಳೆ ಮೇಲೆ ಅದೇ ಚುಕ್ಕಿ ಹಾಕಿದೆ. ಹಾಳೆಯನ್ನು ಓರೆಯಾಗಿ ತಿರುಗಿಸಿದಾಗ ಕಂಡಿತು. ಸಾಲಿಗೆ ನಾಲ್ಕರಂತೆ ನಾಲ್ಕು ಸಾಲಿನ ಒಂದು ಚೌಕ. ಅದರ ಸಂದಿನಲ್ಲಿ ಸಾಲಿಗೆ ಮೂರರಂತೆ ಮೂರು ಸಾಲಿನ ಇನ್ನೊಂದು ಚೌಕ. ಏಳು ವರ್ಷದ ಮಗು ನಿಂತಲ್ಲೇ ಅದನ್ನು ಕಂಡಿತ್ತು. ನಾನು "ಹ್ಯಾಂಗ್ ಮಾಡ್ದಿ?" ಅಂತ ಕೇಳಲೇ ಇಲ್ಲ. ಅಂದಿನಿಂದ ಇಂಥ ಮಕ್ಕಳ ಬಗ್ಗೆ ಓದಿದೆ, ನೋಡಿದೆ, ತರಗತಿಯಲ್ಲಿ ಮಾಡಿ ನೋಡಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ, ಶಾಲೆಗಳಲ್ಲಿ ನಿಜವಾಗಿ ಮಾಡಲು ಆಗುವಂಥದ್ದನ್ನೇ ಇಲ್ಲಿ ಬರೆದಿದ್ದೇನೆ.

ಹಂತ 1: ಹದಿನೈದು ದಿನ ಸುಮ್ನೆ ನೋಡಿ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ನಾಲ್ಕನೇ ವಯಸ್ಸಿಗೆ ಇಪ್ಪತ್ತರ ಮಗ್ಗಿ ಬಾಯಿಪಾಠ ಬಂದರೆ ಅದು ಒಳ್ಳೆಯ ನೆನಪಿನ ಶಕ್ತಿ. ಅಬ್ಯಾಕಸ್ ಕ್ಲಾಸಿಗೆ ಹೋಗಿ ಪಟಪಟ ಕೂಡಿಸಿದರೆ ಅದು ಒಳ್ಳೆಯ ಅಭ್ಯಾಸ. ಎರಡೂ ಬೇಕಾದವೇ. ಆದರೆ ಗಣಿತದ ಪ್ರತಿಭೆ ಬೇರೆ ಕಡೆ ಕಾಣುತ್ತದೆ. ಸೋವಿಯತ್ ಮನಶ್ಶಾಸ್ತ್ರಜ್ಞ ವಾದಿಂ ಕ್ರುತೆತ್ಸ್ಕಿ 1955ರಿಂದ 1966ರವರೆಗೆ ಶಾಲಾ ಮಕ್ಕಳು ಲೆಕ್ಕ ಬಿಡಿಸುವ ರೀತಿಯನ್ನು ಹತ್ತಿರದಿಂದ ನೋಡಿದರು. ಪ್ರತಿಭೆ ಇರುವ ಮಕ್ಕಳಿಗೆ ಲೆಕ್ಕದ ಒಳಗಿನ ಕಟ್ಟು ಬೇಗ ಕಾಣುತ್ತದೆ. ಒಂದೆರಡು ಲೆಕ್ಕ ಮಾಡಿದ ಮೇಲೆ ಹತ್ತು ಮೆಟ್ಟಿಲಿನ ದಾರಿಯನ್ನು ಮೂರು ಮೆಟ್ಟಿಲಿಗೆ ಇಳಿಸುತ್ತಾರೆ. ವಾರ ಬಿಟ್ಟು ಕೇಳಿದರೆ ಅಂಕಿಗಳು ಮರೆತಿರುತ್ತವೆ, ಲೆಕ್ಕದ ಹೂರಣ ನೆನಪಿರುತ್ತದೆ. ವೇಗ, ಬಾಯಿಲೆಕ್ಕದ ಚುರುಕು, ಅಂಕಿಗಳ ನೆನಪು ಇದ್ದೇ ಇರಬೇಕು ಅಂತಿಲ್ಲ ಎಂಬುದನ್ನೂ ಅವರು ಕಂಡುಕೊಂಡರು.

ಹಾಗಾದರೆ ಮನೆಯಲ್ಲಿ ಏನು ನೋಡಬೇಕು? 98ಕ್ಕೆ 57 ಕೂಡಿಸು ಅಂದಾಗ ಮಗು 57ರಿಂದ ಎರಡು ತೆಗೆದು 98ಕ್ಕೆ ಕೊಟ್ಟು, "ನೂರು, ಐವತ್ತೈದು" ಅನ್ನುತ್ತದೆಯೇ? ಯಾರೂ ಹೇಳಿಕೊಡದೆ ಹೀಗೆ ಮಾಡಿದರೆ ಅದನ್ನು ಬರೆದಿಡಿ. ಸೊನ್ನೆಗಿಂತ ಕೆಳಗೆ ಏನಿದೆ, ಎಲ್ಲಕ್ಕಿಂತ ದೊಡ್ಡ ಅಂಕಿ ಯಾವುದು ಅಂತ ಕಾಡುತ್ತದೆಯೇ? ಉತ್ತರ ಸಿಕ್ಕ ಮೇಲೂ "ಇನ್ನೊಂದು ದಾರಿ ಅದ" ಅನ್ನುತ್ತದೆಯೇ? ಬೆಳಿಗ್ಗೆ ಬಿಟ್ಟ ಲೆಕ್ಕವನ್ನು ಸಂಜೆ ಊಟದ ಹೊತ್ತಿಗೆ ತಾನಾಗಿ ಮತ್ತೆ ಎತ್ತುತ್ತದೆಯೇ? ನನ್ನ ಅನುಭವದಲ್ಲಿ ಈ ಕೊನೆಯದು ಬಲವಾದ ಗುರುತು.

ಇದಕ್ಕೆ ನೂರು ಪುಟದ ಒಂದು ನೋಟ್‌ಬುಕ್ ಇಡಿ. ತಾರೀಖು ಹಾಕಿ ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆಯಿರಿ. ಮನೆಯಲ್ಲಿ ದೊಡ್ಡವರಿಗೆ ಬರೆಯಲು ಬರದಿದ್ದರೆ ಅಕ್ಕ, ಅಣ್ಣ, ಪಕ್ಕದ ಮನೆಯ ಹೈಸ್ಕೂಲ್ ಹುಡುಗಿ ಬರೆಯಲಿ. ಈ ನೋಟ್‌ಬುಕ್ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ಯಾವ ಮಕ್ಕಳು ನಮ್ಮ ಕಣ್ಣು ತಪ್ಪುತ್ತಾರೆ ಅನ್ನೋದನ್ನೂ ಹೇಳಲೇಬೇಕು. ನಮ್ಮ ಭಾಗದ ತರಗತಿಯಲ್ಲಿ ಮನೆಮಾತು ಲಂಬಾಣಿ, ಉರ್ದು, ತೆಲುಗು, ಮರಾಠಿ ಆಗಿರುವ ಮಕ್ಕಳು ಇರುತ್ತಾರೆ. ಕನ್ನಡದ ಬಾಯಿಲೆಕ್ಕ ಅರ್ಥವಾಗದೆ ಸುಮ್ಮನೆ ಕೂತ ಮಗುವನ್ನು ನಾವು ದಡ್ಡ ಅಂದುಕೊಂಡುಬಿಡುತ್ತೇವೆ. ಅದೇ ಲೆಕ್ಕವನ್ನು ಗೆಳೆಯನಿಂದ ಮನೆಮಾತಿನಲ್ಲಿ ಕೇಳಿಸಿ, ಇಲ್ಲವೇ ಹುಣಸೆಬೀಜ ಇಟ್ಟು ಕೇಳಿ. ಹುಡುಗಿಯರು ತಪ್ಪಾದೀತೆಂದು ಕೈ ಎತ್ತುವುದೇ ಕಡಿಮೆ. ಅಕ್ಷರ ಕೆಟ್ಟದಾಗಿರುವ ಮಕ್ಕಳೂ ಹೀಗೇ ತಪ್ಪಿಹೋಗುತ್ತಾರೆ. ಆರು ವರ್ಷದ ಮಗುವಿನ ತಲೆ ಮೂರನೇ ತರಗತಿಯ ಲೆಕ್ಕ ಮಾಡಬಹುದು, ಬೆರಳು ಮಾತ್ರ ಆರು ವರ್ಷದ್ದೇ. ಸಾಲು ಬಿಟ್ಟು ಬರೆದು, ಸುಲಭದ ಕೂಡುವ ಲೆಕ್ಕದಲ್ಲಿ ತಪ್ಪಿ, ಕಷ್ಟದ್ದನ್ನು ಸರಿ ಮಾಡುವ ಮಗು ಕಂಡರೆ ಹತ್ತಿರ ಹೋಗಿ ಕೂತುಕೊಳ್ಳಿ.

ಹಂತ 2: "ಹ್ಯಾಂಗ್ ಮಾಡ್ದಿ?" ಅಂತ ದಿನಾ ಕೇಳಿ

ಈ ಇಡೀ ಬರಹದಲ್ಲಿ ಒಂದನ್ನೇ ಮಾಡಲು ಸಾಧ್ಯ ಅನ್ನುವವರು ಇದನ್ನು ಮಾಡಿ. ಮಗು ಉತ್ತರ ಹೇಳಿದ ತಕ್ಷಣ ಸರಿ, ತಪ್ಪು ಅನ್ನಬೇಡಿ. "ಹ್ಯಾಂಗ್ ಮಾಡ್ದಿ, ನನಗ ತಿಳಿಯಂಗ ಹೇಳು" ಅನ್ನಿ. ಉತ್ತರ ಸರಿ ಇದ್ದಾಗಲೂ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಈ ಪ್ರಶ್ನೆ ಬಂತೆಂದರೆ ತಪ್ಪಾಗಿದೆ ಅಂತ ಮಗು ಕಲಿತುಬಿಡುತ್ತದೆ.

ಇದಕ್ಕೆ ನಿಮಗೆ ಗಣಿತ ಗೊತ್ತಿರಬೇಕಿಲ್ಲ. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲೇ ಸಾಕ್ಷರತೆ ಕಡಿಮೆ ಇದ್ದ ಜಿಲ್ಲೆ ಯಾದಗಿರಿ. ಓದು ಬರದ ತಾಯಿ ತಂದೆ ನಮ್ಮ ಕಡೆ ಜಾಸ್ತಿ, ಅವರು "ನಮಗೇನ್ ತಿಳೀತದ್ರಿ ಟೀಚರ್" ಅಂತ ಹಿಂದೆ ಸರಿಯುತ್ತಾರೆ. ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡ ತಾಯಿಗೆ ಮಗು ಮೂರು ಸಲ ಬಿಡಿಸಿ ಹೇಳುತ್ತದೆ. ಮೂರನೇ ಸಲಕ್ಕೆ ತನ್ನ ತಪ್ಪು ತನಗೇ ಸಿಗುತ್ತದೆ. ತಿಳಿಯದವರಿಗೆ ತಿಳಿಸುವುದು ಈ ಮಕ್ಕಳಿಗೆ ದೊಡ್ಡ ಕಲಿಕೆ. ಆ ವಿಷಯದಲ್ಲಿ ಓದು ಬರದ ಅವ್ವ ನನಗಿಂತ ಒಳ್ಳೆಯ ಕೇಳುಗಳು.

ಹೊಗಳಿಕೆಯ ಬಗ್ಗೆ ಒಂದು ಮಾತು. "ಭಾಳ ಶಾಣ್ಯಾ ಅದಾನ" ಅಂತ ನೆಂಟರ ಮುಂದೆ ನಿಲ್ಲಿಸಿ 17ರ ಮಗ್ಗಿ ಹೇಳಿಸುವುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ನಡೆಯುತ್ತದೆ. ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳು 1998ರಲ್ಲಿ ಪ್ರಕಟವಾದವು. ನೀನು ಜಾಣ ಅಂತ ಹೊಗಳಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಆಮೇಲೆ ಸುಲಭದ ಪ್ರಶ್ನೆಗಳನ್ನೇ ಆರಿಸಿಕೊಂಡರು. ಒಮ್ಮೆ ಸೋತ ಮೇಲೆ ಅವರ ಕೆಲಸವೂ ಇಳಿಯಿತು. ಕಷ್ಟಪಟ್ಟು ಮಾಡಿದೆ ಅಂತ ಹೊಗಳಿಸಿಕೊಂಡವರು ಕಷ್ಟದ್ದನ್ನು ಕೇಳಿ ಪಡೆದರು. ಅದಕ್ಕೇ "ಶಾಣ್ಯಾ" ಅನ್ನುವ ಬದಲು "ಮೂರು ಸಲ ತಪ್ಪಿದರೂ ಬಿಡಲಿಲ್ಲ ನೋಡು", "ಈ ದಾರಿ ನನಗೆ ಹೊಳೆದೇ ಇರಲಿಲ್ಲ" ಅನ್ನಿ. ನೆಂಟರ ಮುಂದಿನ ಪ್ರದರ್ಶನ ಪೂರ್ತಿ ನಿಲ್ಲಿಸಿ.

ಹಂತ 3: ಮನೆಯ ಸುತ್ತಲಿನ ಲೆಕ್ಕ ಕೊಡಿ

ಮುಂದಿನ ತರಗತಿಯ ಪುಸ್ತಕ ತಂದು ಕೊಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಎರಡನೇ ತರಗತಿಯ ಮಗು ನಾಲ್ಕನೇ ತರಗತಿಯ ಪುಸ್ತಕವನ್ನು ಆರು ತಿಂಗಳಲ್ಲಿ ಮುಗಿಸುತ್ತದೆ. ಆಮೇಲೆ ಎರಡು ವರ್ಷ ತರಗತಿಯಲ್ಲಿ ಆಕಳಿಸುತ್ತದೆ. ಅದೇ ವಯಸ್ಸಿನ ಅಂಕಿಗಳಲ್ಲೇ ಇನ್ನೂ ಹೆಚ್ಚು ಯೋಚಿಸಬೇಕಾದ ಲೆಕ್ಕ ಕೊಡುವುದು ಒಳ್ಳೆಯದು. ಅದಕ್ಕೆ ಅಂಗಡಿಗೆ ಹೋಗಬೇಕಿಲ್ಲ.

ನೆಲ ನೋಡಿ. ಮನೆಯಲ್ಲಿ ಶಹಾಬಾದ್ ಪರಸಿ (ನೆಲದ ಹಾಸುಗಲ್ಲು) ಇದ್ದರೆ ಮೂರು ಸಾಲು, ಸಾಲಿಗೆ ಮೂರು ಚೌಕದ ಕಲ್ಲುಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಇದರಲ್ಲಿ ಎಷ್ಟು ಚೌಕ ಇವೆ? ಒಂಬತ್ತು ಅನ್ನುತ್ತದೆ ಮಗು. ನಾಲ್ಕು ಕಲ್ಲು ಸೇರಿದರೂ ಒಂದು ಚೌಕ ಅಲ್ವಾ ಅಂತ ಕೇಳಿ ಸುಮ್ಮನಾಗಿ. ಚಿಕ್ಕವು ಒಂಬತ್ತು, ನಡುವಿನವು ನಾಲ್ಕು, ದೊಡ್ಡದು ಒಂದು, ಒಟ್ಟು 14. ನಾಲ್ಕು ಸಾಲಿಗೆ 30. ಐದು ಸಾಲಿಗೆ ಎಷ್ಟು ಅನ್ನುವುದನ್ನು ಎಣಿಸದೆ ಹೇಳಬಹುದೇ? ಇಲ್ಲಿ ಮಗುವಿಗೆ ಒಂದು ವಾರ ಕೊಡಿ. ಉತ್ತರ ನೀವು ಹೇಳಬೇಡಿ.

ಹೊಲ ಇದ್ದವರಿಗೆ ಇನ್ನೂ ಒಳ್ಳೆಯದು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಹಗ್ಗ ಹಿಡಿದು ಒಂದು ಗುಂಟೆಯನ್ನು ಮಗುವಿನಿಂದಲೇ ಅಳೆಸಿ. ಆಮೇಲೆ 9 ಗುಂಟೆಯ ಚೌಕದ ತುಂಡಿಗೆ ಒಂದು ಬದಿ ಎಷ್ಟು ಅಡಿ ಅಂತ ಕೇಳಿ. 99 ಅಡಿ ಬರುತ್ತದೆ. ಅದರ ವಿಸ್ತಾರ 9801 ಚದರ ಅಡಿ. 1089ನ್ನು ಹಿಂದಿನಿಂದ ಓದಿದರೆ 9801! ಮೊದಲ ಸಲ ಇದು ಕಂಡಾಗ ನನಗೇ ಮೈ ಜುಮ್ ಅಂದಿತ್ತು. ನಾಲ್ಕನೇ ತರಗತಿಯ ಮಗುವಿಗೆ ಹೇಗಿರಬೇಡ.

ಮನೆಯಲ್ಲಿ ಮುತ್ಯಾ, ಆಯಿ (ಅಜ್ಜ, ಅಜ್ಜಿ) ಇದ್ದರೆ ಅವರಿಂದ ಸವ್ವಾ, ದೀಡ, ಅಡೀಚ ಕಲಿಸಿ. ಒಂದೂಕಾಲು, ಒಂದೂವರೆ, ಎರಡೂವರೆಯನ್ನು ಒಂದೊಂದೇ ಮಾತಿನಲ್ಲಿ ಹೇಳುವ ಜನ ನಾವು. ಹಿಂದಿನವರು ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಹೇಳುತ್ತಿದ್ದರು. "ತೊಗರಿ ದೀಡ ಚೀಲ, ಚೀಲಕ್ಕ 50 ಕಿಲೋ" ಅಂದರೆ ಮುತ್ಯಾನ ಉತ್ತರ ಬಾಯಿಂದ ಹೊರಗೆ ಬಂದಾಗಿರುತ್ತದೆ. ಮುತ್ಯಾನನ್ನೂ ಕೇಳಲಿ ಮಗು: "ಹ್ಯಾಂಗ್ ಮಾಡ್ದಿ?" ಭಿನ್ನರಾಶಿ ಪುಸ್ತಕದಲ್ಲಿ ಬರುವ ಮೊದಲೇ ಅದು ಮನೆಯ ಮಾತಾಗಿರುತ್ತದೆ.

ಹುಲಿ-ಕುರಿ ಆಟ, ಅಳಗುಳಿ ಮಣೆ ಇವೆರಡಕ್ಕೂ ಜಾಗ ಕೊಡಿ. ಆಡಿದ ಮೇಲೆ "ಆ ಕುರಿ ಅಲ್ಲಿಟ್ಟಿದ್ದು ಯಾಕೆ?" ಅಂತ ಕೇಳಿದರೆ ಸಾಕು. ಬೆಂಕಿಕಡ್ಡಿ, ಸೈಕಲ್ ವಾಲ್‌ಟ್ಯೂಬ್ ತುಂಡು ಸೇರಿಸಿ ತ್ರಿಕೋನ, ಚೌಕ, ಘನ ಮಾಡಬಹುದು. ಆಟಿಕೆಗಳಿಂದ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ದೇಶಕ್ಕೆಲ್ಲ ಹೇಳಿಕೊಟ್ಟ ಆಟ ಇದು. ತ್ರಿಕೋನ ಒತ್ತಿದರೂ ಅಲುಗುವುದಿಲ್ಲ, ಚೌಕ ವಾಲುತ್ತದೆ. ಯಾಕೆ? ಪತ್ರಾಸಿನ ಸೂರಿನಡಿಯ ಕಬ್ಬಿಣದ ತ್ರಿಕೋನಗಳನ್ನು ತೋರಿಸಿ.

ಅಂಕಿಗಳ ಆಟ ಇಷ್ಟಪಡುವ ಮಗುವಿಗೆ 6174 ಕೊಡಿ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ 1949ರಲ್ಲಿ ಕಂಡುಕೊಂಡ ಸಂಖ್ಯೆ ಇದು. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. 3524 ಅಂತ ಇಟ್ಟುಕೊಳ್ಳಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಇಟ್ಟರೆ 5432, ಏರಿಕೆ ಕ್ರಮದಲ್ಲಿ 2345. ಕಳೆದರೆ 3087. ಮತ್ತೆ 8730ರಿಂದ 0378 ಕಳೆದರೆ 8352. ಮತ್ತೆ 8532ರಿಂದ 2358 ಕಳೆದರೆ 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಆಚೆ ಹೋಗುವುದಿಲ್ಲ. ಏಳು ಸಲದ ಒಳಗೆ ಎಲ್ಲ ಸಂಖ್ಯೆಗಳೂ ಅಲ್ಲಿಗೇ ಬರುತ್ತವೆ. ಕಳೆಯುವ ಲೆಕ್ಕ ಬೇಜಾರು ಅನ್ನುತ್ತಿದ್ದ ಒಬ್ಬ ಹುಡುಗ ನನ್ನ ತರಗತಿಯಲ್ಲಿ ಎರಡು ದಿನದಲ್ಲಿ ಅರ್ಧ ನೋಟ್‌ಬುಕ್ ತುಂಬ ಕಳೆದ. ಮೂರು ಅಂಕಿಗೆ ಏನಾಗುತ್ತದೆ ಅಂತ ನಾನು ಕೇಳಲಿಲ್ಲ, ಅವನೇ ಕೇಳಿದ. ಮೂರು ಅಂಕಿಗೆ ಎಲ್ಲಿ ನಿಲ್ಲುತ್ತದೆ ಅನ್ನೋದನ್ನು ನಿಮ್ಮ ಮಗುವೇ ಹುಡುಕಲಿ.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಕಥೆ ಹೇಳಲೇಬೇಕು. ಕಾಗಿಣಾ ನದಿ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದರು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. 139 × 109 = 15151. 152207 × 73 = 11111111. 12345679 × 9 ಎಷ್ಟು ಅಂತ ಮಗುವೇ ಮಾಡಲಿ. ಆಮೇಲೆ ತಾನೇ ಒಂದು ಹಾರ ಕಟ್ಟಲಿ. ಮಳಖೇಡದ ಕೋಟೆಗೆ ಕರೆದುಕೊಂಡು ಹೋಗಿ, ಗೋಡೆ ನೆರಳಲ್ಲಿ ಕೂತು ಈ ಲೆಕ್ಕ ಮಾಡಿಸಿ. ಗಣಿತ ಎಲ್ಲಿಂದಲೋ ಬಂದ ವಿಷಯ ಅನ್ನುವ ಭಾವನೆ ಆ ಮಗುವಿಗೆ ಬರುವುದಿಲ್ಲ.

ಬೀದರ್ ಕಡೆಯವರು 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಹಂಚಿನ ಚಿತ್ತಾರ ನೋಡಲಿ. ಬಿದರಿ ಪಾತ್ರೆಯ ಮೇಲಿನ ಬೆಳ್ಳಿ ಬಳ್ಳಿ ಎಷ್ಟು ಸಲ ತಿರುಗಿಸಿದರೆ ಮತ್ತೆ ಮೊದಲಿನ ಹಾಗೇ ಕಾಣುತ್ತದೆ ಅಂತ ಎಣಿಸಲಿ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಇದೆ, ಒಮ್ಮೆ ಪೂರ್ತಿ ದಿನ ಅಲ್ಲಿ ಕಳೆಯಿರಿ. ಓದಲು ಪಂಚಾಯಿತಿ ಗ್ರಂಥಾಲಯ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಪತ್ರಿಕೆ ಇವೆ. ಮೊಬೈಲ್ ಕೊಡುವುದಾದರೆ ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಕನ್ನಡದ ಗಣಿತದ ಕಥೆಗಳು ಪುಕ್ಕಟೆ ಸಿಗುತ್ತವೆ. ಅದರಾಚೆ ಮೊಬೈಲ್ ಜಾಸ್ತಿ ಬೇಡ.

ಹಂತ 4: ಶಾಲೆಯವರ ಜೊತೆ ಮಾತಾಡಿ

ಶಿಕ್ಷಕಿಯಾಗಿ ಹೇಳುತ್ತೇನೆ. "ನಮ್ಮ ಹುಡುಗನಿಗೆ ನಿಮ್ಮ ಪಾಠ ಸಾಲವಲ್ದು" ಅಂತ ಶುರು ಮಾಡಿದರೆ ಯಾರಿಗಾದರೂ ಬೇಸರವಾಗುತ್ತದೆ. ಬೆಳಗಿನ ಪ್ರಾರ್ಥನೆ ಹೊತ್ತಿಗೆ ಬರಬೇಡಿ. ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ ಕೇಳಿಕೊಂಡು ಬನ್ನಿ. ಹಂತ 1ರ ನೋಟ್‌ಬುಕ್ ತನ್ನಿ. "ಮನೆಯಲ್ಲಿ ಹೀಗೆ ಮಾಡ್ತದ, ಶಾಲೆಯಲ್ಲಿ ನಿಮಗೆ ಏನು ಕಾಣ್ತದ್ರಿ?" ಅಂತ ಕೇಳಿ. ಮಗುವಿನ ಮಾತು ತಾರೀಖಿನ ಸಮೇತ ಕಣ್ಣ ಮುಂದೆ ಇದ್ದಾಗ ಯಾವ ಶಿಕ್ಷಕರೂ ತಳ್ಳಿಹಾಕುವುದಿಲ್ಲ.

ಕೇಳುವುದನ್ನು ಚಿಕ್ಕದಾಗಿ ಕೇಳಿ. ಮೊದಲನೆಯದು, ಪಾಠದ ಕೊನೆಯ ಐದು ಕಷ್ಟದ ಲೆಕ್ಕಗಳನ್ನು ಮಗು ಮೊದಲೇ ಮಾಡಲಿ. ಅವು ಸರಿ ಬಂದರೆ ಉಳಿದ ಹದಿನೈದು ಬೇಡ. ಬೇಗ ಮುಗಿಸಿದ ಮಗುವಿಗೆ ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಅದು ಶಿಕ್ಷೆ. ಮಗು ಮುಂದಿನ ಸಲ ನಿಧಾನ ಮಾಡಲು ಕಲಿಯುತ್ತದೆ. ಎರಡನೆಯದು, ಉಳಿದ ಹೊತ್ತಿನಲ್ಲಿ ಬಿಡಿಸಲು ಒಂದು ಲೆಕ್ಕ ಮನೆಯಿಂದ ತರಲು ಬಿಡಿ. ಮೂರನೆಯದು, ವಾರಕ್ಕೊಮ್ಮೆ ಐದು ನಿಮಿಷ ಮಗುವಿನ ದಾರಿಯನ್ನು ಕೇಳಿಸಿಕೊಳ್ಳಿ. ಇದಕ್ಕಿಂತ ಜಾಸ್ತಿ ಮೊದಲ ದಿನವೇ ಕೇಳಬೇಡಿ.

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ ಇದೆ. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ. ಮಗು ತನ್ನ ವೇಗದಲ್ಲಿ ಏಣಿ ಹತ್ತಬೇಕು ಅನ್ನುವುದೇ ಇದರ ತಿರುಳು. ಮುಂದಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ದೊಡ್ಡ ಫೀ ಕೊಡುವ ಎಷ್ಟೋ ಶಾಲೆಗಳಲ್ಲೂ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಕೆಲಸದ ಒತ್ತಡದಲ್ಲಿ ನಾವು ಎಲ್ಲರಿಗೂ ಒಂದೇ ಕಾರ್ಡು ಕೊಟ್ಟುಬಿಡುತ್ತೇವೆ. ಮಗುವನ್ನು ಏಣಿಯ ಮೇಲೆ ಅದರ ಪಾಡಿಗೆ ಬಿಡಿ ಅಂತ ಪಾಲಕರು ಕೇಳಬಹುದು.

ಶಿಕ್ಷಕ ಬಂಧುಗಳಿಗೆ ಒಂದು ಮಾತು. ಒಂದು ಮಗುವಿಗಾಗಿ ಬೇರೆ ಪಾಠ ತಯಾರಿಸುವುದು ನಮ್ಮ ಕೈಲಿ ಆಗುವುದಿಲ್ಲ, ನಿಜ. ಪ್ರಶ್ನೆಯನ್ನು ತಿರುಗಿಸುವುದು ಆಗುತ್ತದೆ. 36 ÷ 4 ಎಷ್ಟು ಅನ್ನುವ ಬದಲು "ಉತ್ತರ 9 ಬರುವ ಭಾಗಾಕಾರಗಳನ್ನು ಬರೆಯಿರಿ" ಅನ್ನಿ. ಒಬ್ಬ 9 ÷ 1 ಬರೆದು ನಿಲ್ಲುತ್ತಾನೆ, ಇನ್ನೊಬ್ಬಳು ಇದಕ್ಕೆ ಕೊನೆಯೇ ಇಲ್ಲ ಅಂತ ಕಂಡುಕೊಳ್ಳುತ್ತಾಳೆ. "24 ಮಾರು ತಂತಿಯಿಂದ ಆಯತಾಕಾರದ ಹೊಲಕ್ಕೆ ಬೇಲಿ ಹಾಕಬೇಕು, ಎಷ್ಟು ಬಗೆಯಲ್ಲಿ ಹಾಕಬಹುದು, ಯಾವುದರಲ್ಲಿ ಜಾಗ ಜಾಸ್ತಿ?" ಅಂತ ಕೇಳಿ. 11 ಮಾರು ಉದ್ದ, ಒಂದು ಮಾರು ಅಗಲ ಇದ್ದರೆ 11 ಚದರ ಮಾರು ಮಾತ್ರ. ಆರಕ್ಕೆ ಆರು ಇದ್ದರೆ 36. ಇಡೀ ತರಗತಿ ಇದನ್ನು ಮಾಡುತ್ತದೆ, ಮುಂದಿರುವ ಮಗು ಗೋಡೆಯ ಪಕ್ಕ ಬೇಲಿ ಹಾಕಿದರೆ ಏನಾಗುತ್ತದೆ ಅಂತ ಯೋಚಿಸುತ್ತಿರುತ್ತದೆ.

ಆ ಮಗುವನ್ನು ದಿನಾ ಲೀಡರ್ ಮಾಡಿ ಉಳಿದವರ ನೋಟ್‌ಬುಕ್ ತಿದ್ದಲು ಕೂರಿಸಬೇಡಿ. ಆಗೊಮ್ಮೆ ಈಗೊಮ್ಮೆ ಸರಿ. ದಿನಾ ಆದರೆ ಮಗು ಕಲಿಯುವುದು ನಿಲ್ಲುತ್ತದೆ, ಗೆಳೆಯರೂ ದೂರ ಆಗುತ್ತಾರೆ.

ಇನ್ನು ಮೆಟ್ಟಿಲು ಬರೆಯುವ ಜಗಳ. ಉತ್ತರ ತಲೆಯಲ್ಲೇ ಬಂದಾಗ ಯಾಕೆ ಬರೆಯಬೇಕು ಅಂತ ಈ ಮಕ್ಕಳು ಹಟ ಮಾಡುತ್ತಾರೆ. ಮೆಟ್ಟಿಲು ಬರೆಯಲಿಲ್ಲ ಅಂತ ಅಂಕ ಕಳೆದು, ನಕಲು ಮಾಡಿದ್ದೀಯ ಅಂತ ಒಬ್ಬ ಹುಡುಗನಿಗೆ ಬೈದಿದ್ದನ್ನೂ ನಾನು ನೋಡಿದ್ದೇನೆ. ಆ ಹುಡುಗ ಒಂದು ವರ್ಷ ಲೆಕ್ಕದ ಪೀರಿಯಡ್‌ನಲ್ಲಿ ಬಾಯಿ ಬಿಡಲಿಲ್ಲ. ನಾನು ಮಾಡುವ ಒಪ್ಪಂದ ಇಷ್ಟು: ಐದು ಲೆಕ್ಕಕ್ಕೆ ಒಂದನ್ನು ಪೂರ್ತಿ ಬರೆ. ಯಾವುದನ್ನು ಅಂತ ನೀನೇ ಆರಿಸು. ಪಕ್ಕದ ಗೆಳೆಯನಿಗೆ ಓದಿದರೆ ತಿಳಿಯಬೇಕು, ಅಷ್ಟೇ. ಬರೆಯುವುದು ಇನ್ನೊಬ್ಬರಿಗಾಗಿ ಅಂತ ಗೊತ್ತಾದ ಮೇಲೆ ಹಟ ಕಡಿಮೆಯಾಗುತ್ತದೆ.

ಹಂತ 5: ತರಗತಿ ಹಾರಿಸುವ ಮುಂಚೆ

ಎರಡನೇ ತರಗತಿಯಿಂದ ನೇರ ನಾಲ್ಕಕ್ಕೆ ಹಾಕಿಸಬಹುದೇ ಅಂತ ಪಾಲಕರು ಕೇಳುತ್ತಾರೆ. ನಮ್ಮ ಶಾಲಾ ವ್ಯವಸ್ಥೆ ವಯಸ್ಸಿಗೆ ತಕ್ಕ ತರಗತಿ ಅನ್ನುವುದರ ಮೇಲೆ ನಿಂತಿದೆ. ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ದೀರ್ಘ ಅಧ್ಯಯನದಲ್ಲಿ, ಬೇಗ ಮುಂದೆ ಹೋದ ಗಣಿತ ಪ್ರತಿಭೆಯ ಮಕ್ಕಳು ಚೆನ್ನಾಗಿಯೇ ಬೆಳೆದರು. ಹಾಗಾಗಿ ಮುಂದೆ ಕಳಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆ ಮಕ್ಕಳು ಹೆಚ್ಚಾಗಿ 12, 13 ವರ್ಷದವರು. ಆರು, ಏಳು ವರ್ಷದ ಮಗುವಿಗೆ ಕನ್ನಡ ಓದು, ಬರಹ, ಮೈದಾನದ ಆಟ, ಗೆಳೆಯರು ಎಲ್ಲ ಅದರ ವಯಸ್ಸಿನಲ್ಲೇ ಇರುತ್ತವೆ.

ಮಧ್ಯದ ದಾರಿ ಚೆನ್ನಾಗಿ ನಡೆಯುತ್ತದೆ. ಲೆಕ್ಕದ ಪೀರಿಯಡ್‌ಗೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಲಿ. ಚಿಕ್ಕ ಶಾಲೆಗಳಲ್ಲಿ ಇದಕ್ಕೆ ಮುಖ್ಯಗುರುಗಳ ಒಪ್ಪಿಗೆ ಇದ್ದರೆ ಸಾಕು. ಒಂದು ತಿಂಗಳು ನೋಡಿ, ಮಗುವನ್ನೇ ಕೇಳಿ. ದೊಡ್ಡ ಮಕ್ಕಳ ನಡುವೆ ಬೇಡ ಅಂದರೆ ವಾಪಸ್ ಕರೆತನ್ನಿ.

ಹಂತ 6: ಸಿಕ್ಕಿಹಾಕಿಕೊಳ್ಳುವ ಲೆಕ್ಕ ಬೇಗ ಕೊಡಿ

ಎಲ್ಲವೂ ಸಲೀಸಾಗಿ ಬರುವ ಮಗು ಒಂದು ದಿನ ಬಾರದ ಲೆಕ್ಕ ಎದುರಿಸುತ್ತದೆ. ಅದು ಎಂಟನೇ ವಯಸ್ಸಿನಲ್ಲಿ ಅವ್ವನ ಪಕ್ಕದಲ್ಲಿ ಆದರೆ ಒಳ್ಳೆಯದು. ಹದಿನಾರರಲ್ಲಿ ಊರು ಬಿಟ್ಟು ಹಾಸ್ಟೆಲ್ ಕೋಣೆಯಲ್ಲಿ ಮೊದಲ ಸಲ ಆದರೆ ಬಹಳ ನೋವು. ಅದಕ್ಕೇ ತಿಂಗಳಿಗೆ ಎರಡು ಸಲವಾದರೂ, ಒಂದೇ ದಿನಕ್ಕೆ ಬರದಂಥ ಲೆಕ್ಕ ಕೊಡಿ.

ಮಗು ಅಳುತ್ತದೆ, ಹಾಳೆ ಹರಿಯುತ್ತದೆ, ತಪ್ಪು ಉತ್ತರದ ಪುಟ ಅಡಗಿಸಿಡುತ್ತದೆ. ಗಾಬರಿ ಬೇಡ. "ಇಷ್ಟೂ ಬರಲ್ವಾ" ಅನ್ನಬೇಡಿ, ಅಯ್ಯೋ ಅಂತ ಉತ್ತರವನ್ನೂ ಹೇಳಿಬಿಡಬೇಡಿ. "ಎಲ್ಲಿತನಕ ಬಂದಿ ಹೇಳು" ಅನ್ನಿ. ಅಂಕಿ ಚಿಕ್ಕದು ಮಾಡಿ ನೋಡಲು ಹೇಳಿ. ಐದು ಸಾಲಿನ ಪರಸಿ ಕಷ್ಟವಾದರೆ ಎರಡು ಸಾಲಿಗೆ ಬಾ. ಆಮೇಲೆ ಮುಚ್ಚಿಟ್ಟು ಆಟಕ್ಕೆ ಕಳಿಸಿ. ನಾನು ತರಗತಿಯಲ್ಲಿ ಬೇಕೆಂದೇ ನನಗೆ ಗೊತ್ತಿಲ್ಲದ ಲೆಕ್ಕ ತಂದು ಬೋರ್ಡ್ ಮೇಲೆ ಮಾಡುತ್ತೇನೆ. ಟೀಚರ್ ತಪ್ಪಿ, ಅಳಿಸಿ, ಮತ್ತೆ ಬರೆಯುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು.

ಹಂತ 7: ಪರೀಕ್ಷೆ, ಕೋಚಿಂಗ್, ಆರನೇ ತರಗತಿ

ನಮ್ಮ ಮೂರೂ ಜಿಲ್ಲೆಗಳಲ್ಲಿ ಜವಾಹರ ನವೋದಯ ವಿದ್ಯಾಲಯ ಇದೆ. ಐದನೇ ತರಗತಿಯಲ್ಲಿ ಓದುವಾಗ ಪರೀಕ್ಷೆ ಬರೆದು ಆರಕ್ಕೆ ಸೇರಬೇಕು. ಒಬ್ಬರಿಗೆ ಒಂದೇ ಅವಕಾಶ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಬುದ್ಧಿಶಕ್ತಿಗೆ, 20 ಅಂಕಗಣಿತಕ್ಕೆ, 20 ಭಾಷೆಗೆ. ಕನ್ನಡದಲ್ಲೇ ಬರೆಯಬಹುದು. ಮುಕ್ಕಾಲು ಭಾಗ ಸೀಟು ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗವಾದರೂ ಹುಡುಗಿಯರಿಗೆ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಪ್ರವೇಶ ಆರಕ್ಕೇ. ಹುಡುಗಿಯರ ವಸತಿ ಶಾಲೆಯಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯವೂ ಆರರಿಂದ ಶುರು. ಹುಡುಗಿ ಐದಕ್ಕೆ ಓದು ಬಿಡುವ ಭಯವಿರುವ ಮನೆಗೆ ಇದನ್ನು ನಾವು ಶಿಕ್ಷಕರೇ ಹೋಗಿ ಹೇಳಬೇಕು.

ನವೋದಯ ಕೋಚಿಂಗ್‌ಗೆ ಮೂರನೇ ತರಗತಿಯಿಂದಲೇ ಮಗುವನ್ನು ಮನೆ ಬಿಡಿಸಿ ಹಾಕುವುದು ನಮ್ಮ ಕಡೆ ಹೆಚ್ಚಾಗಿದೆ. ಇದು ನನಗೆ ಸರಿ ಕಾಣುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುತ್ತಾ ಕೂತ ಮಗುವಿಗೆ "ಹ್ಯಾಂಗ್ ಮಾಡ್ದಿ" ಅಂತ ಕೇಳುವವರು ಯಾರು? ಲೆಕ್ಕ ಇಷ್ಟಪಡುವ ಮಗುವಿಗೆ ಐದನೇ ತರಗತಿಗೆ ಹೋಗುವ ಮುಂಚಿನ ಬೇಸಿಗೆಯಿಂದ ಹಳೆ ಪ್ರಶ್ನೆಪತ್ರಿಕೆ ಹಿಡಿದು ದಿನಕ್ಕೆ ಒಂದು ಗಂಟೆ ಕೂತರೆ ಸಾಕು. ಸೀಟು ಸಿಗದಿದ್ದರೆ ಮಗು ಸೋತಿತು ಅನ್ನುವ ಮಾತು ಮನೆಯಲ್ಲಿ ಬರಬಾರದು.

ಒಲಿಂಪಿಯಾಡ್ ಅನ್ನುವ ಹೆಸರಿಗೆ ಮರುಳಾಗಬೇಡಿ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ದಾರಿ ಮಾಡುವ ಪರೀಕ್ಷೆಗಳು ಎಂಟನೇ ತರಗತಿಯಿಂದ ಮೇಲಿನವರಿಗೆ. ಚಿಕ್ಕ ಮಕ್ಕಳಿಗೆ ಅದೇ ಹೆಸರಲ್ಲಿ ನಡೆಯುವವು ಖಾಸಗಿ ಸಂಸ್ಥೆಗಳ ಪರೀಕ್ಷೆಗಳು. ಮಗುವಿಗೆ ಖುಷಿ ಇದ್ದರೆ ಬರೆಯಲಿ, ಪದಕಕ್ಕಾಗಿ ಬೇಡ. ಭಾರತದ ಗಣಿತ ಶಿಕ್ಷಕರ ಸಂಘ ನಡೆಸುವ ಪ್ರತಿಭಾ ಸ್ಪರ್ಧೆಯಲ್ಲಿ ಐದು, ಆರನೇ ತರಗತಿಗೆ ಪ್ರಾಥಮಿಕ ಹಂತ ಇದೆ. ಅದರ ಹಳೆ ಪ್ರಶ್ನೆಗಳು ಚೆನ್ನಾಗಿ ಯೋಚನೆಗೆ ಹಚ್ಚುತ್ತವೆ.

ಹಂತ 8: ನೋಟ್‌ಬುಕ್ ಮಗುವಿನ ಜೊತೆ ಹೋಗಲಿ

ದುಡಿಯಲು ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳಲ್ಲಿ ಮಗು ನಡುವೆಯೇ ಶಾಲೆ ಬದಲಿಸುತ್ತದೆ. ಆದಷ್ಟು ಮಟ್ಟಿಗೆ ಮಗುವನ್ನು ಊರಲ್ಲೇ ಆಯಿ, ಮುತ್ಯಾರ ಹತ್ತಿರ ಬಿಟ್ಟು ಹೋಗಿ ಅಂತ ನಾನು ಕೈ ಮುಗಿದು ಕೇಳುತ್ತೇನೆ. ಆಗದಿದ್ದರೆ ಹೊರಡುವ ಮುಂಚೆ ಒಮ್ಮೆ ಶಾಲೆಗೆ ಬನ್ನಿ. ನಾನು ಹತ್ತು ಲೆಕ್ಕ ಬರೆದು, ಒಂದು ಬೆಂಕಿಪೊಟ್ಟಣದಲ್ಲಿ ಹುಣಸೆಬೀಜ ಹಾಕಿ ಕೊಡುತ್ತೇನೆ. ಮಗು ಬಿಡಿಸಿದ್ದನ್ನು ಫೋನಿನಲ್ಲಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಬೇರೆ ಶಿಕ್ಷಕರೂ ಇಷ್ಟು ಮಾಡಬಹುದು.

ಐದು ಮುಗಿದು ಹೊಸ ಶಾಲೆಗೆ ಸೇರುವಾಗ ವರ್ಗಾವಣೆ ಪತ್ರ, ಅಂಕಪಟ್ಟಿಯ ಜೊತೆ ಆ ನೋಟ್‌ಬುಕ್ಕನ್ನೂ ಹೊಸ ಗಣಿತ ಶಿಕ್ಷಕರ ಕೈಗೆ ಕೊಡಿ. ಅಂಕಪಟ್ಟಿಯಲ್ಲಿ 100ಕ್ಕೆ 96 ಅಂತ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಏಳು ವರ್ಷದ ಮಗು ಪರಸಿ ಮೇಲೆ 14 ಚೌಕ ಹೇಗೆ ಕಂಡಿತು, ಯಾವ ಲೆಕ್ಕಕ್ಕೆ ಅತ್ತಿತು, ಎಷ್ಟು ದಿನ ಬಿಟ್ಟು ಅದನ್ನು ಬಿಡಿಸಿತು ಅನ್ನುವುದೆಲ್ಲ ಇರುತ್ತದೆ. ಮೊದಲ ಪುಟದಲ್ಲಿ ಒಂದು ಸಾಲು ಬರೆದುಕೊಡಿ: "ಸರ್, ಉತ್ತರ ಬಂದ ಮೇಲೆ ಹ್ಯಾಂಗ್ ಮಾಡ್ದಿ ಅಂತ ಒಮ್ಮೆ ಕೇಳ್ರಿ."